ಶನಿವಾರದ ಸವಾಲಿನಿಂದ ಓಪನ್ ಸೋರ್ಸ್‌ಗೆ

ರೆಸ್ಯೂಮೆಯಲ್ಲಿ ‘ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್’ ಅಂತ ಒಂದು ಸಾಲು ಇದ್ದರೆ ಪ್ಲೇಸ್‌ಮೆಂಟ್‌ನಲ್ಲಿ ತೂಕ ಜಾಸ್ತಿ ಎಂಬ ಮಾತನ್ನು ಬಿ.ಇ. ಸೇರಿದ ಮೊದಲ ವಾರದಲ್ಲೇ ಯಾರಾದರೂ ಸೀನಿಯರ್ ಕಿವಿಗೆ ಹಾಕುತ್ತಾರೆ. ಆ ಸಾಲು ಸಂಪಾದಿಸುವುದು ಹೇಗೆ ಎಂದು ಕೇಳಿದರೆ ಮಾತ್ರ, ‘ಯೂಟ್ಯೂಬ್‌ನಲ್ಲಿ ಇದೆ, ನೋಡು’ ಎಂದು ಜಾರಿಕೊಳ್ಳುತ್ತಾರೆ.

ಹಾಗೆ ನೋಡಿದವರ ಪಜೀತಿ 2024ರ ಆರಂಭದಲ್ಲಿ ಜಗಜ್ಜಾಹೀರಾಯಿತು. ಎಕ್ಸ್‌ಪ್ರೆಸ್ ಜೆಎಸ್ ಎಂಬ ಹೆಸರಾಂತ ಓಪನ್ ಸೋರ್ಸ್ ತಂತ್ರಾಂಶವಿದೆ. ಅದರ ರೀಡ್‌ಮಿ ಫೈಲಿಗೆ ತಮ್ಮ ಹೆಸರು ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್‌ಗಳು ಒಂದರ ಹಿಂದೊಂದು ಬಂದು ಬಿದ್ದವು. ಕಳಿಸಿದವರಲ್ಲಿ ಬಹಳಷ್ಟು ಮಂದಿ ನಮ್ಮದೇ ದೇಶದ ವಿದ್ಯಾರ್ಥಿಗಳು. ಒಂದು ವಿಡಿಯೊ ಪಾಠದಲ್ಲಿ ಉದಾಹರಣೆಗೆಂದು ತೋರಿಸಿದ್ದನ್ನು ಅವರು ಹಾಗೇ ಮಾಡಿದ್ದರು. ಇದಕ್ಕೂ ಮೊದಲು ಹ್ಯಾಕ್ಟೋಬರ್‌ಫೆಸ್ಟ್‌ನ ಕಥೆ ನಡೆದಿತ್ತು. ಡಿಜಿಟಲ್ ಓಷನ್ ಕಂಪನಿ 2014ರಲ್ಲಿ ಶುರು ಮಾಡಿದ ಈ ಅಕ್ಟೋಬರ್ ಹಬ್ಬದಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಟೀ ಶರ್ಟ್ ಆಸೆಗೆ ಕಸದಂಥ ತಿದ್ದುಪಡಿಗಳು ಎಷ್ಟು ಬಂದವೆಂದರೆ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಕಳಿಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ನಡುವೆಯೇ ನಿಯಮ ಬದಲಿಸಬೇಕಾಯಿತು. 2023ಕ್ಕೆ ಟೀ ಶರ್ಟೇ ನಿಂತುಹೋಗಿ ಡಿಜಿಟಲ್ ಬ್ಯಾಡ್ಜ್ ಬಂತು.

ನಾನು ವಿದ್ಯಾರ್ಥಿಗಳನ್ನೇ ಪೂರ್ತಿ ಬೈಯುವುದಿಲ್ಲ. ಗುಂಡಿ ಒತ್ತುವುದು ಹೇಗೆ ಅಂತ ಕಲಿಸಿದವರು ಬೇಕಾದಷ್ಟಿದ್ದಾರೆ. ಒತ್ತುವ ಮೊದಲು ಏನು ಮಾಡಿರಬೇಕು ಅಂತ ಹೇಳಿದವರು ಕಡಿಮೆ. ಆ ನಡುವಿನ ಖಾಲಿ ಜಾಗಕ್ಕೆ ನಮ್ಮ ಕಾಲೇಜಿನಲ್ಲಿ ನಾವು ನಾಲ್ಕು ಜನ ಗೆಳತಿಯರು ಹುಡುಕಿಕೊಂಡ ದಾರಿಯೇ ಫ್ರಂಟ್ ಎಂಡ್ ಸವಾಲುಗಳು.

ಮೊದಲು ಈ ಓಪನ್ ಸೋರ್ಸ್ ಅಂದರೇನು ಅಂತ ಗೊತ್ತಿಲ್ಲದವರಿಗೆ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಕ್ಲಾಸಿನ ಟಾಪರ್ ನೋಟ್ಸ್ ಇದೆ ಅಂದುಕೊಳ್ಳಿ. ನೀವು ಅದರ ಝೆರಾಕ್ಸ್ ಮಾಡಿಸಿಕೊಳ್ಳುತ್ತೀರಿ. ಓದುವಾಗ ಎಂಟನೇ ಪುಟದಲ್ಲಿ ಒಂದು ಸೂತ್ರ ತಪ್ಪಿರುವುದು ಕಾಣುತ್ತದೆ. ನಿಮ್ಮ ಝೆರಾಕ್ಸಿನಲ್ಲಿ ಅದನ್ನು ತಿದ್ದಿ, ಟಾಪರ್ ಹತ್ತಿರ ಹೋಗಿ, ‘ಇಲ್ಲಿ ಹೀಗಿರಬೇಕಲ್ಲವಾ? ನೋಡಿ, ಸರಿ ಅನ್ನಿಸಿದರೆ ನಿಮ್ಮ ಮೂಲ ಪ್ರತಿಯಲ್ಲೂ ತಿದ್ದಿಕೊಳ್ಳಿ’ ಎನ್ನುತ್ತೀರಿ. ಝೆರಾಕ್ಸ್ ಮಾಡಿಸಿದ್ದು ಫೋರ್ಕ್, ತಿದ್ದಿದ್ದು ಕಮಿಟ್, ಕೇಳಿದ್ದು ಪುಲ್ ರಿಕ್ವೆಸ್ಟ್. ಟಾಪರ್ ಮೇಂಟೇನರ್. ಅವರು ಒಪ್ಪಿ ಸೇರಿಸಿಕೊಂಡರೆ ಅದು ಮರ್ಜ್. ಈ ಎಲ್ಲ ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದರು. ಅದನ್ನು ಆಧರಿಸಿದ ಗಿಟ್‌ಹಬ್ 2008ರಲ್ಲಿ ಬಂತು. ಲಿನಸ್ 1991ರಲ್ಲಿ ಲಿನಕ್ಸ್ ಪ್ರಕಟಿಸಿದಾಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ, ನನಗಿಂತ ಒಂದೇ ವರ್ಷ ದೊಡ್ಡವರು. ಹಾಸ್ಟೆಲ್‌ನಲ್ಲಿ ನಾವೆಲ್ಲ ಸಿನಿಮಾ ನೋಡುವ ವಿಎಲ್‌ಸಿ ಪ್ಲೇಯರ್ ಕೂಡ ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಲ್ಲಿ 1996ರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು. ಆಮೇಲೆ 2001ರಲ್ಲಿ ಜಿಪಿಎಲ್ ಲೈಸೆನ್ಸಿನಡಿ ಎಲ್ಲರಿಗೂ ತೆರೆದುಕೊಂಡಿತು. ಅಂದ ಹಾಗೆ, ಲೈಸೆನ್ಸ್ ಫೈಲ್ ಇಲ್ಲದೆ ಬರೀ ಕೋಡನ್ನು ಗಿಟ್‌ಹಬ್‌ಗೆ ಹಾಕಿದರೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಕಣ್ಣಿಗೆ ಕಾಣುತ್ತದೆ ಅಷ್ಟೇ, ಬಳಸುವ ಹಕ್ಕು ಸಿಗುವುದಿಲ್ಲ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ಎಷ್ಟಕ್ಕೆ ಆ ಫೈಲ್ ಇದೆ ಅಂತ ಒಮ್ಮೆ ನೋಡಿ.

ಮೊದಲ ಹೆಜ್ಜೆಗೆ ಫ್ರಂಟ್ ಎಂಡ್ ಏಕೆ? ಕಾರಣ ಸರಳ. ಮಾಡಿದ ಕೆಲಸ ಕಣ್ಣೆದುರಿಗೇ ಕಾಣುತ್ತದೆ. ದೊಡ್ಡ ಬ್ಯಾಕ್ ಎಂಡ್ ಯೋಜನೆಯೊಂದನ್ನು ನಿಮ್ಮ ಯಂತ್ರದಲ್ಲಿ ಓಡುವಂತೆ ಮಾಡುವಷ್ಟರಲ್ಲೇ ಎರಡು ವಾರ ಕಳೆದು ಉತ್ಸಾಹ ಬತ್ತಿಹೋಗುತ್ತದೆ. ಎಚ್‌ಟಿಎಂಎಲ್, ಸಿಎಸ್‌ಎಸ್‌ಗೆ ಬ್ರೌಸರ್ ಒಂದಿದ್ದರೆ ಸಾಕು. ‘ಫ್ರಂಟ್ ಎಂಡ್ ಅಂದರೆ ಬಣ್ಣ ಹಚ್ಚೋದು, ಅದೇನು ಎಂಜಿನಿಯರಿಂಗ್?’ ಎಂದು ನಗುವವರು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಅವರ ಪ್ರಾಜೆಕ್ಟ್ ವೆಬ್‌ಸೈಟನ್ನು ಮೊಬೈಲ್‌ನಲ್ಲಿ ತೆರೆದು ತೋರಿಸಿ ಎಂದರೆ ಸಾಕು, ನಗು ನಿಲ್ಲುತ್ತದೆ.

ಸವಾಲು ಎಂದರೆ ಇಷ್ಟೇ: ಒಂದು ಪುಟದ ಚಿತ್ರ ಕೊಡುತ್ತಾರೆ, ಅದನ್ನು ನೀವು ಕೋಡ್ ಬರೆದು ಹಾಗೆಯೇ ಕಟ್ಟಬೇಕು. ಫ್ರಂಟ್‌ಎಂಡ್ ಮೆಂಟರ್‌ನಂಥ ತಾಣಗಳಲ್ಲಿ ಉಚಿತ ಸವಾಲುಗಳು ಸಿಗುತ್ತವೆ. 2014ರಿಂದ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಪಾಠದ ಜೊತೆಗೇ ಪ್ರಾಜೆಕ್ಟ್‌ಗಳಿವೆ, ಮೇಲಾಗಿ ಅದೇ ಒಂದು ಓಪನ್ ಸೋರ್ಸ್ ಯೋಜನೆ. ನಾವೂ ಮೊದಲು ಅಲ್ಲಿಂದಲೇ ತೆಗೆದುಕೊಂಡೆವು. ಆದರೆ ಜೂನಿಯರ್‌ಗಳಿಗೆ ಕ್ರೆಡಿಟ್ ಕಾರ್ಡ್ ಫಾರ್ಮ್, ದುಬಾರಿ ಶೂ ಅಂಗಡಿಯ ಪುಟ ಇವೆಲ್ಲ ಬೇರೆ ಯಾರದೋ ಲೋಕ ಅನ್ನಿಸುತ್ತಿತ್ತು. ಕ್ರೆಡಿಟ್ ಕಾರ್ಡ್ ಕೈಯಲ್ಲಿ ಹಿಡಿದೇ ನೋಡದವರಿಗೆ ಅದರ ಹಿಂಭಾಗದ ಮೂರು ಅಂಕಿ ಎಲ್ಲಿರುತ್ತವೆ ಎಂದು ಹೇಗೆ ಗೊತ್ತಾಗಬೇಕು? ಹಾಗಾಗಿ ಮೂರನೇ ವಾರದಿಂದ ಸವಾಲುಗಳನ್ನು ನಾವೇ ಬರೆಯತೊಡಗಿದೆವು. ಖಾನಾವಳಿಯ ಮೆನು: ಒಂದು ಬದಿಗೆ ರೊಟ್ಟಿ, ಎಣ್ಣೆಗಾಯಿ, ಝುಣಕ, ಇನ್ನೊಂದು ಬದಿಗೆ ದರ, ನಡುವೆ ಚುಕ್ಕಿಗಳ ಸಾಲು. ಇದರಲ್ಲಿ ಫ್ಲೆಕ್ಸ್‌ಬಾಕ್ಸ್ ಪೂರ್ತಿ ಬಂತು. ಗೋಡೆಗೆ ನೇತುಹಾಕುವ ಕ್ಯಾಲೆಂಡರ್: ಗ್ರಿಡ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ, ಭಾನುವಾರದ ಕೆಂಪಂಕಿ ಸಮೇತ. ಕರೆಂಟ್ ಬಿಲ್, ಜಾತ್ರೆಯ ಕರಪತ್ರ, ಬಸ್ ಸ್ಟ್ಯಾಂಡಿನ ವೇಳಾಪಟ್ಟಿ.

ನಮ್ಮದು ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿರುವ ಕಾಲೇಜು. ಹ್ಯಾಕಥಾನ್, ಮೀಟಪ್ ಎಲ್ಲ ನಾವು ಸ್ಟೇಟಸ್‌ನಲ್ಲಿ ನೋಡುವಂಥವು. ಪ್ರತಿ ಶನಿವಾರ ನಾಲ್ಕು ಗಂಟೆಗೆ ಲ್ಯಾಬ್ ತೆರೆದುಕೊಡಲು ಒಬ್ಬ ಮೇಡಂ ಒಪ್ಪಿದರು. ಬಂದವರು 23 ಜನ. ಲ್ಯಾಪ್‌ಟಾಪ್ ಇದ್ದದ್ದು ಒಂಬತ್ತು ಮಂದಿಯ ಹತ್ತಿರ. ಲ್ಯಾಬಿನ ಯಂತ್ರಗಳಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ಆಗ ಗಿಟ್‌ಹಬ್‌ನ ಒಂದು ಸಣ್ಣ ಉಪಾಯ ನಮ್ಮನ್ನು ಕಾಪಾಡಿತು: ಯಾವುದೇ ರೆಪೊ ಪುಟದಲ್ಲಿ ಕೀಬೋರ್ಡಿನ ಚುಕ್ಕಿ ಒತ್ತಿದರೆ ಬ್ರೌಸರಿನೊಳಗೇ ಎಡಿಟರ್ ತೆರೆದುಕೊಳ್ಳುತ್ತದೆ. ಬರೆದ ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಖರ್ಚಿಲ್ಲದೆ ಪ್ರಕಟಿಸಬಹುದು. ತಾನು ಮಾಡಿದ ಖಾನಾವಳಿ ಮೆನುವಿನ ಲಿಂಕನ್ನು ಒಬ್ಬ ಹುಡುಗ ಅವರಪ್ಪನಿಗೆ ವಾಟ್ಸ್ಆ್ಯಪ್ ಮಾಡಿದ. ಅಪ್ಪನ ಉತ್ತರ: ‘ರೊಟ್ಟಿಗೆ ಹತ್ತು ರೂಪಾಯಿ ಭಾಳ ಆತು.’

ಇಡೀ ಪ್ರಯತ್ನದ ಜೀವಾಳ ಇರುವುದು ಪರಿಹಾರವನ್ನು ಒಪ್ಪಿಸುವ ರೀತಿಯಲ್ಲಿ. ಯಾರೂ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಡುವಂತಿಲ್ಲ. ನಮ್ಮದೇ ಒಂದು ರೆಪೊ ಇದೆ, ಎಂಐಟಿ ಲೈಸೆನ್ಸಿನದು. ಅದನ್ನು ಫೋರ್ಕ್ ಮಾಡಿ, ಹೊಸ ಬ್ರಾಂಚಿನಲ್ಲಿ ಬರೆದು, ಪುಲ್ ರಿಕ್ವೆಸ್ಟ್ ಕಳಿಸಬೇಕು. ಅದನ್ನು ಇನ್ನೊಬ್ಬ ವಿದ್ಯಾರ್ಥಿ ಪರೀಕ್ಷಿಸಿ ಟಿಪ್ಪಣಿ ಬರೆಯಬೇಕು. ‘ಸೂಪರ್’ ಅಂತ ಬರೆದರೆ ಟಿಪ್ಪಣಿ ಅಲ್ಲ. ಮೌಸ್ ಬಿಟ್ಟು ಬರೀ ಟ್ಯಾಬ್ ಕೀ ಒತ್ತಿ ಪುಟದಲ್ಲಿ ಓಡಾಡಲು ಆಗುತ್ತದಾ? ಅಗಲವನ್ನು 320 ಪಿಕ್ಸೆಲ್‌ಗೆ ಇಳಿಸಿದಾಗ ಅಡ್ಡಡ್ಡ ಸರಿಸಬೇಕಾಗುತ್ತದಾ? ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರ 4.5ಕ್ಕೆ 1ರ ಅನುಪಾತಕ್ಕಿಂತ ಕಡಿಮೆ ಇದೆಯಾ? ಚಿತ್ರಕ್ಕೆ ಆಲ್ಟ್ ಪಠ್ಯ ಇದೆಯಾ? ಈ ಪ್ರಶ್ನೆಗಳು ನಮ್ಮ ಸ್ವಂತದ್ದಲ್ಲ, ಅಂಗವಿಕಲರೂ ಬಳಸುವಂತೆ ವೆಬ್ ಕಟ್ಟುವ ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ ಬಂದವು. ಐದಾರು ವಾರ ಇದನ್ನೇ ಮಾಡಿದ ಮೇಲೆ ಗೊತ್ತಾದ ಸಂಗತಿ ಎಂದರೆ, ಕೋಡ್ ಬರೆದು ಕಲಿತದ್ದಕ್ಕಿಂತ ಬೇರೆಯವರ ಕೋಡಿನಲ್ಲಿ ಹುಳುಕು ಹುಡುಕಿ ಮರ್ಯಾದೆಯಿಂದ ಹೇಳುವುದನ್ನು ಕಲಿತದ್ದೇ ಮುಂದೆ ಹೆಚ್ಚು ಕೆಲಸಕ್ಕೆ ಬಂತು. ಹೊರಗಿನ ಯೋಜನೆಗಳಲ್ಲಿ ಮೇಂಟೇನರ್ ‘ಇದನ್ನು ಬದಲಿಸಿ’ ಅಂದಾಗ ಮುಖ ಸಪ್ಪಗೆ ಮಾಡಿಕೊಳ್ಳದೆ ಬದಲಿಸುವವರು, ಇಲ್ಲಿ ಗೆಳತಿಯಿಂದ ಹನ್ನೆರಡು ಸಲ ಹೇಳಿಸಿಕೊಂಡವರೇ.

ಈಗ ಒಬ್ಬಳ ಬಗ್ಗೆ ಹೇಳಬೇಕು. ಎರಡನೇ ವರ್ಷದ ಜೂನಿಯರ್, ರಾಣೆಬೆನ್ನೂರು ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿ. ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್‌ಲಾಗ್. ಮನೆಯಲ್ಲಿ ಅಣ್ಣ ‘ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಸೇರು, ಈ ಕೋಡಿಂಗ್ ನಿನಗ ಆಗೂದಿಲ್ಲ’ ಅಂದಿದ್ದ. ಅವಳಿಗೂ ಅದೇ ಸರಿ ಅನ್ನಿಸಿತ್ತು. ಶನಿವಾರ ಬಂದು ಕೊನೆಯ ಸಾಲಿನಲ್ಲಿ ಕೂತು, ಕೆಲಸ ಮುಗಿಸಿ, ಮಾತಾಡದೆ ಹೋಗುತ್ತಿದ್ದಳು. ಪುಲ್ ರಿಕ್ವೆಸ್ಟಿನ ವಿವರಣೆ ಬರೆಯುವ ಡಬ್ಬಿ ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ‘ಅಕ್ಕಾ, ಇಂಗ್ಲಿಷ್‌ನಾಗ ಏನಂತ ಬರೀಲಿ?’ ‘ಮೊದಲು ಕನ್ನಡದಾಗ ಬರಿ. ಏನು ಬದಲಿಸಿದಿ, ಯಾಕ ಬದಲಿಸಿದಿ, ಎರಡೇ ಸಾಲು.’ ಆ ಎರಡು ಸಾಲನ್ನು ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತರುತ್ತಿದ್ದೆವು. ನಿಜ ಹೇಳಬೇಕೆಂದರೆ ಇಂಗ್ಲಿಷ್ ಮೀಡಿಯಮ್‌ನವರ ಉದ್ದುದ್ದ ವಿವರಣೆಗಳಿಗಿಂತ ಅವಳ ಎರಡು ಸಾಲು ಸ್ಪಷ್ಟವಾಗಿರುತ್ತಿದ್ದವು.

ಏಳನೇ ವಾರ ನಾವು ಹೊರಗಿನ ಯೋಜನೆಗಳಿಗೆ ಕೈಹಾಕಿದೆವು. ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಹಚ್ಚಿದ ಸಮಸ್ಯೆಗಳು ಹೊಸಬರಿಗಾಗಿಯೇ ಇರುತ್ತವೆ ಎಂದು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತವೆ. ವಾಸ್ತವ ಬೇರೆ. ಹೆಸರಾಂತ ಯೋಜನೆಗಳಲ್ಲಿ ಅಂಥದ್ದೊಂದು ಕಾಣಿಸಿಕೊಂಡ ಅರ್ಧ ಗಂಟೆಯಲ್ಲಿ ‘ನನಗೆ ಕೊಡಿ’ ಅಂತ ಹತ್ತು ಜನ ಬರೆದಿರುತ್ತಾರೆ, ರೇಷನ್ ಅಂಗಡಿಯ ಸಾಲಿನ ಹಾಗೆ. ಅದಕ್ಕೇ ನಾವು ಬೇರೆ ಉಪಾಯ ಮಾಡಿದೆವು. ಪ್ರತಿಯೊಬ್ಬರೂ ಒಂದು ಸಣ್ಣ ಓಪನ್ ಸೋರ್ಸ್ ಆ್ಯಪ್ ಆರಿಸಿಕೊಂಡು, ಒಂದು ವಾರ ಅದನ್ನು ನಿಜವಾಗಿ ಬಳಸಬೇಕು. ಬಳಸುವಾಗ ಏನು ಕಿರಿಕಿರಿ ಆಯಿತೋ ಅದೇ ನಿಮ್ಮ ಇಶ್ಯೂ.

ಆ ಜೂನಿಯರ್ ಆರಿಸಿಕೊಂಡದ್ದು ಕಾರ್ಯಕ್ರಮಗಳ ಪಟ್ಟಿ ಇಡುವ ಒಂದು ಚಿಕ್ಕ ಆ್ಯಪ್. ನಾವೆಲ್ಲ ಇಂಗ್ಲಿಷಿನಲ್ಲಿ ‘ಟೆಸ್ಟ್ ಒಂದು, ಟೆಸ್ಟ್ ಎರಡು’ ಅಂತ ಹಾಕಿ ನೋಡುತ್ತಿದ್ದರೆ, ಅವಳು ತನ್ನ ಮನೆಯ ಕಾರ್ಯಕ್ರಮಗಳನ್ನೇ ಕನ್ನಡದಲ್ಲಿ ಹಾಕಿದ್ದಳು. ಶನಿವಾರ ಬಂದವಳೇ ಮೊಬೈಲ್ ನನ್ನ ಮುಂದೆ ಹಿಡಿದಳು. ‘ಅಕ್ಕಾ, ನೋಡ್ರಿ ಇಲ್ಲೆ. ಹಬ್ಬ ಹೋಗಿ ಹಬ ಆಗೇತಿ. ಅಣ್ಣನ ಲಗ್ನ ಬರೇ ಲಗ ಆಗೇತಿ.’ ಇಡೀ ಲ್ಯಾಬ್ ನಕ್ಕಿತು. ಅವಳೂ ನಕ್ಕಳು, ಮೊದಲ ಸಲ.

ಆಗಿದ್ದೇನೆಂದರೆ, ಆ ಪುಟದಲ್ಲಿ ಸಾಲಿನ ಎತ್ತರವನ್ನು, ಅಂದರೆ ಲೈನ್ ಹೈಟನ್ನು, 1ಕ್ಕೆ ಕಟ್ಟಿಹಾಕಿದ್ದರು. ಜೊತೆಗೆ ಡಬ್ಬಿಯಿಂದ ಹೊರಬಂದದ್ದನ್ನು ಮರೆಮಾಡಲು ಓವರ್‌ಫ್ಲೋ ಹಿಡನ್ ಇತ್ತು. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಜಾಗ ಸಾಕು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಹಾಗಾಗಿ ಕತ್ತರಿಸಿ ಹೋಗುತ್ತಿದ್ದವು. ಅವಳು ಇನ್‌ಸ್ಪೆಕ್ಟ್ ತೆರೆದು, ಖಾನಾವಳಿ ಮೆನುವಿನಲ್ಲಿ ಕಲಿತದ್ದನ್ನೇ ಬಳಸಿ, ಆ ಎರಡು ಸಾಲುಗಳನ್ನು ಹುಡುಕಿದಳು. ಆ ಆ್ಯಪ್ ಬರೆದವರು ಬೇರೆ ದೇಶದವರು, ಕನ್ನಡ ಓದಲು ಬಾರದವರು. ಅವರು ವರ್ಷವಿಡೀ ನೋಡಿದ್ದರೂ ಆ ದೋಷ ಕಾಣುತ್ತಿರಲಿಲ್ಲ, ಯಾಕೆಂದರೆ ‘ಹಬ’ ನೋಡಿದವರಿಗೆ ಅಲ್ಲಿ ಇನ್ನೊಂದು ಬ ಇರಬೇಕಿತ್ತು ಎಂದು ಗೊತ್ತಾಗುವುದು ಹೇಗೆ? ಅವಳಿಗೆ ಕಂಡಿತು. ಕನ್ನಡ ಮೀಡಿಯಮ್ ಎಂದು ಯಾವುದನ್ನು ಅವಳು ಮುಚ್ಚಿಡುತ್ತಿದ್ದಳೋ ಅದೇ ಅಲ್ಲಿ ಅವಳ ಅರ್ಹತೆಯಾಗಿತ್ತು.

ಅವಳು ನೇರವಾಗಿ ಕೋಡ್ ಕಳಿಸಲಿಲ್ಲ. ಮೊದಲು ಇಶ್ಯೂ ಬರೆದಳು: ಹೇಗಿದೆ, ಹೇಗಿರಬೇಕಿತ್ತು, ಯಾವ ಬ್ರೌಸರ್, ಎರಡು ಸ್ಕ್ರೀನ್‌ಶಾಟ್. ಕತ್ತರಿಸಿದ ಜಾಗಕ್ಕೆ ಕೆಂಪು ಸುತ್ತು ಹಾಕಿದ್ದಳು. ನಾಲ್ಕು ದಿನ ಉತ್ತರ ಬರಲಿಲ್ಲ. ಬಂದಾಗ ‘ಹಿಂದಿಯಲ್ಲೂ ಹೀಗಾಗುತ್ತದೆಯೇ? ಇಂಗ್ಲಿಷ್ ಪುಟದ ವಿನ್ಯಾಸ ಹಾಳಾಗದಂತೆ ಮಾಡಬಹುದೇ?’ ಎಂದು ಕೇಳಿದ್ದರು. ಮತ್ತೆ ಪರೀಕ್ಷೆ, ಮತ್ತೆ ಸ್ಕ್ರೀನ್‌ಶಾಟ್, ಪಕ್ಕದ ಸೀಟಿನವಳಿಂದ ತೆಲುಗಿನಲ್ಲೂ ಟೈಪ್ ಮಾಡಿಸಿದ್ದಾಯಿತು. ಒಟ್ಟು 19 ದಿನ, ಮೂರು ಸುತ್ತಿನ ತಿದ್ದುಪಡಿ, ಕೊನೆಗೆ ಬದಲಾದದ್ದು ಎರಡು ಸಾಲು. ಮರ್ಜ್ ಆದ ದಿನ ಪುಟದ ಮೇಲೆ ಬರುವ ಆ ನೇರಳೆ ಬಣ್ಣದ ಗುರುತನ್ನು ಅವಳು ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೆ ಕಳಿಸಿದಳು. ಇದರಿಂದ ರೊಕ್ಕ ಎಷ್ಟು ಬಂತು ಅಂತ ಅವನು ಕೇಳಿದನಂತೆ. ಬ್ಯಾಂಕ್ ಕೋಚಿಂಗ್ ಮಾತು ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಬ್ಯಾಕ್‌ಲಾಗ್‌ಗಳಲ್ಲಿ ಒಂದು ಪಾಸಾಗಿದೆ, ಒಂದು ಬಾಕಿ ಇದೆ.

ಅವಳಿಂದಾಗಿ ನಮಗೊಂದು ಗಣಿಯೇ ಸಿಕ್ಕಿತು ಅನ್ನಿ. ಕನ್ನಡ ಹಾಕಿದರೆ ಮುರಿದುಬೀಳುವ ಪುಟಗಳು ಎಷ್ಟೊಂದಿವೆ! ಇಂಗ್ಲಿಷಿನ ಪುಟ್ಟ ಪದಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ‘ಸೈನ್ ಇನ್ ಮಾಡಿ’ ಅಂತ ಬಂದರೆ ಪದ ಹೊರಗೆ ಚಾಚಿಕೊಳ್ಳುತ್ತದೆ. ಕೆಲವು ಆ್ಯಪ್‌ಗಳು ಶೀರ್ಷಿಕೆಯನ್ನು ಇಷ್ಟೇ ಅಕ್ಷರ ಎಂದು ಎಣಿಸಿ ಕತ್ತರಿಸುತ್ತವೆ. ಆದರೆ ‘ಅಕ್ಷರ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮಗೆ ಮೂರಕ್ಷರ, ಜಾವಾಸ್ಕ್ರಿಪ್ಟ್ ಎಣಿಕೆಗೆ ಐದು. ಅ, ಕ, ಆಮೇಲೆ ಒತ್ತು ಮಾಡುವ ವಿರಾಮ ಚಿಹ್ನೆ, ಷ, ರ. ಮೂರಕ್ಕೆ ಕತ್ತರಿಸಿದರೆ ಉಳಿಯುವುದು ‘ಅಕ್’. ಹೀಗೆ ಎಣಿಸುವ ಬದಲು, ಜಾಗ ಮುಗಿದಾಗ ಚುಕ್ಕಿ ಹಾಕುವ ಕೆಲಸವನ್ನು ಸಿಎಸ್‌ಎಸ್‌ಗೇ ಬಿಡುವುದು ಮೇಲು. ಪುಟದಲ್ಲಿ ಕನ್ನಡ ಇದೆ ಎಂದು ಹೇಳುವ ಲ್ಯಾಂಗ್ ಗುಣವನ್ನು ಬರೆಯದೇ ಇರುವವರೂ ಬಹಳ. ಅದು ಇಲ್ಲದಿದ್ದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿಯಲ್ಲಿ ಓದಬೇಕೆಂಬುದೇ ಸರಿಯಾಗಿ ಗೊತ್ತಾಗುವುದಿಲ್ಲ. ಕೋಡ್ ಬೇಡ ಎನ್ನುವವರಿಗೆ ಫೈರ್‌ಫಾಕ್ಸ್ ಅನುವಾದವಿದೆ, ವಿಕಿಪೀಡಿಯಾ ನಡೆಸುವ ಮೀಡಿಯಾವಿಕಿಯ ಸಂದೇಶಗಳನ್ನು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಕನ್ನಡಕ್ಕೆ ತರುವ ಕೆಲಸವಿದೆ. ಅದೂ ಓಪನ್ ಸೋರ್ಸ್ ಕೊಡುಗೆಯೇ, ಕಡಿಮೆಯದ್ದೇನಲ್ಲ.

ಎಐ ವಿಷಯ ಬಿಟ್ಟರೆ ಲೇಖನ ಪೂರ್ತಿಯಾಗದು ಅಂತ ಗೆಳತಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಹೌದು, ಖಾನಾವಳಿ ಮೆನುವನ್ನು ಎಐ ಹತ್ತು ಸೆಕೆಂಡಿನಲ್ಲಿ ಬರೆದುಕೊಡುತ್ತದೆ. ಹಾಗಂತ ಅದು ಬರೆದದ್ದನ್ನು ಓದದೆ ಕಳಿಸಿದರೆ ರೀಡ್‌ಮಿಗೆ ಹೆಸರು ಸೇರಿಸಿದವರಿಗೂ ನಮಗೂ ವ್ಯತ್ಯಾಸವಿಲ್ಲ. ಕರ್ಲ್ ಎಂಬ ಪ್ರಸಿದ್ಧ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೆಣೆದ ಹುಸಿ ಭದ್ರತಾ ವರದಿಗಳನ್ನು ಓದಿ ಓದಿ ತಂಡದ ಸಮಯ ಹೇಗೆ ಪೋಲಾಗುತ್ತಿದೆ ಎಂದು ಬಹಿರಂಗವಾಗಿಯೇ ಬರೆದುಕೊಂಡಿದ್ದಾರೆ. ನಮ್ಮ ಲ್ಯಾಬಿನಲ್ಲಿ ಎಐ ನಿಷೇಧವಿಲ್ಲ. ಕಳಿಸುವ ಮೊದಲು ಪ್ರತಿ ಸಾಲು ಯಾಕಿದೆ ಎಂದು ಪಕ್ಕದವರಿಗೆ ಕನ್ನಡದಲ್ಲಿ ವಿವರಿಸಬೇಕು. ವಿವರಿಸಲು ಬಾರದ ಸಾಲು ಅಳಿಸಿಹೋಗುತ್ತದೆ. ಈ ನಿಯಮ ಬಂದ ಮೇಲೆ ಪುಲ್ ರಿಕ್ವೆಸ್ಟ್‌ಗಳು ತಾವಾಗಿಯೇ ಗಿಡ್ಡವಾದವು.

23 ಜನರಲ್ಲಿ ಈಗ ಉಳಿದಿರುವುದು 14. ಕೆಲವರಿಗೆ ಬೇಸರ ಬಂತು, ಕೆಲವರಿಗೆ ಶನಿವಾರದ ಬಸ್ ತಪ್ಪುತ್ತಿತ್ತು. ಹೊರಗಿನ ಯೋಜನೆಗಳಲ್ಲಿ ಮರ್ಜ್ ಆದದ್ದು ಆರು. ತಿರಸ್ಕಾರವಾದದ್ದು ಮೂರು, ಅವುಗಳಲ್ಲಿ ಎರಡಕ್ಕೆ ಮೇಂಟೇನರ್ ಕೊಟ್ಟ ಕಾರಣ ನ್ಯಾಯವಾಗಿಯೇ ಇತ್ತು. ಒಂದು ಪುಲ್ ರಿಕ್ವೆಸ್ಟ್ 41 ದಿನದಿಂದ ಹಾಗೇ ಕೂತಿದೆ, ಹೌದು ಅನ್ನುವವರೂ ಇಲ್ಲ, ಇಲ್ಲ ಅನ್ನುವವರೂ ಇಲ್ಲ. ಅದನ್ನು ಕಳಿಸಿದ ಹುಡುಗ ದಿನಾ ಬೆಳಿಗ್ಗೆ ಎದ್ದು ನೋಡುತ್ತಾನೆ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಆ ಯೋಜನೆ ನಡೆಸುವವರಿಗೂ ಮನೆ, ಮಕ್ಕಳು ಇರಬಹುದಲ್ಲ ಅಂತ ಸಮಾಧಾನ ಹೇಳಿ, ಮೊನ್ನೆ ಎಲ್ಲರೂ ಸೇರಿ ಒಂದು ವಿನಯದ ನೆನಪೋಲೆ ಬರೆಸಿದೆವು.

ಬರುವ ಶನಿವಾರದ ಸವಾಲನ್ನು ಆ ರಾಣೆಬೆನ್ನೂರಿನ ಹುಡುಗಿಯೇ ಬರೆದಿದ್ದಾಳೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ. ಶರತ್ತು ಮೂರು: ಪೂರ್ತಿ ಕನ್ನಡದಲ್ಲಿರಬೇಕು, ಹಳೆಯ ಮೊಬೈಲಿನ ಸಣ್ಣ ಪರದೆಯಲ್ಲಿ ಬಿಸಿಲಿಗೆ ಹಿಡಿದರೂ ಓದಲು ಬರಬೇಕು, ‘ಶಸ್ತ್ರಚಿಕಿತ್ಸೆ’ ಎಂಬ ಪದದ ಒಂದು ಒತ್ತೂ ಕತ್ತರಿಸಬಾರದು.